ನಾಲ್ಕು ಹನಿ ಮಿಷನ್ ಎಣ್ಣೆ

ಗುಡ್ಡ ಹತ್ತುವ ಸೈಕಲ್ಲನ್ನು ಮಗಳು ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ತಂದ ದಿನ, ಅದು ನೆಂಟರ ಹಾಗೆ ನಾಲ್ಕು ದಿನ ಇದ್ದು ಹೋಗುತ್ತದೆ ಎಂದೇ ಅಮ್ಮ ಎಣಿಸಿದ್ದಳು. ಹೊಸದೇನಲ್ಲ, ಯಾರೋ ಓಡಿಸಿ ಬೇಸತ್ತು ಮಾರಿದ್ದು. ದಪ್ಪ ಟೈರು, ಮಾರುದ್ದ ಹ್ಯಾಂಡಲ್ಲು, ಸಂದುಗೊಂದಿನಲ್ಲೆಲ್ಲ ಒಣಗಿದ ಕೆಸರು. ಕೆಳಗೆ ಬಿಟ್ಟರೆ ಕಳ್ಳರ ಕಣ್ಣು, ಮೆಟ್ಟಿಲ ಬಳಿ ಇಟ್ಟರೆ ಎದುರುಮನೆಯವರ ಕಣ್ಣು. ಹಾಗಾಗಿ ಅದು ಮುಂದಿನ ಕೋಣೆಯಲ್ಲಿ, ಅಮ್ಮನ ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತುಬಿಟ್ಟಿತು.

ಆ ಕೋಣೆಗೆ ಮೊದಲೇ ಪುರುಸೊತ್ತಿರಲಿಲ್ಲ. ಅದು ಅಮ್ಮನ ಹೊಲಿಗೆ ಅಂಗಡಿ, ಮನೆಯವರ ಊಟದ ಜಾಗ, ಅಜ್ಜಿಯ ತೂಕಡಿಕೆಯ ಮೂಲೆ, ಜೊತೆಗೆ ಲಿಫ್ಟ್ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಅಪ್ಪ ಹಳೇ ಗಡಿಯಾರಗಳನ್ನು ಬಿಚ್ಚಿ ಜೋಡಿಸಲಾಗದೆ ತಲೆ ಕೆರೆದುಕೊಳ್ಳುವ ಕಾರ್ಖಾನೆ. ಅಮ್ಮ ಹೊಲಿಯುವುದು ಆಸ್ಪತ್ರೆಯವರ ಬಿಳಿ ಕೋಟುಗಳನ್ನು. ಬಿಳಿ ಬಟ್ಟೆ ಮತ್ತು ಸೈಕಲ್ ಚೈನು ಒಂದೇ ಕೋಣೆಯಲ್ಲಿ ಎಷ್ಟು ದಿನ ಸುಮ್ಮನಿದ್ದಾವು?

"ಇದೇನೇ ಇದು?" ಅಮ್ಮ ಒಂದು ಬೆಳಿಗ್ಗೆ ಕೋಟಿನ ತೋಳನ್ನು ಮಗಳ ಮೂಗಿನ ಹತ್ತಿರ ಹಿಡಿದಳು. ತೋಳಿನುದ್ದಕ್ಕೂ ಕಪ್ಪು ಹಲ್ಲಿನ ಗುರುತು.

"ಚೈನು ತಾಗಿದೆ ಅನ್ಸುತ್ತೆ."

"ಅನ್ಸುತ್ತಾ? ಡಾಕ್ಟರಮ್ಮ ಬಂದು ಕೇಳಿದ್ರೆ ಏನು ಹೇಳ್ಲಿ? ನಮ್ಮನೇಲಿ ಸೈಕಲ್ಲು ಕೋಟನ್ನ ಕಚ್ಚುತ್ತೆ ಅಂತ ಹೇಳ್ಲಾ?"

"ಹೇಳು," ಎಂದಳು ಅಜ್ಜಿ ಮೂಲೆಯಿಂದ, ಕಣ್ಣು ತೆರೆಯದೆ. "ಡಾಕ್ಟರಮ್ಮ ತಾನೆ, ಒಂದು ಸೂಜಿ ಹಾಕ್ತಾಳೆ."

ಅಮ್ಮನಿಗೆ ನಗು ಬರಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಸೈಕಲ್ಲು ನೆಲ ಬಿಡಬೇಕು, ಇಲ್ಲವೇ ಮನೆ ಬಿಡಬೇಕು ಎಂದು ತೀರ್ಪು ಕೊಟ್ಟಳು. ಮಗಳು ಮುಖ ದಪ್ಪ ಮಾಡಿಕೊಂಡು ಕೆಲಸಕ್ಕೆ ಹೋದಳು. ಅವಳು ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಇಡೀ ದಿನ ಬೇರೆಯವರ ಮೂಗಿನ ಮೇಲೆ ಫ್ರೇಮು ಕೂರಿಸಿ "ಚೆನ್ನಾಗಿ ಕಾಣುತ್ತೆ" ಎನ್ನುವ ಕೆಲಸ. ವಾರಕ್ಕೊಮ್ಮೆ ಊರ ಹಿಂದಿನ ಗುಡ್ಡ ಹತ್ತಿ ಇಳಿದರೆ ಮಾತ್ರ ಆ ಮೂಗುಗಳೆಲ್ಲ ಮರೆತುಹೋಗುತ್ತಿದ್ದವು.

ಅಪ್ಪ ಆವತ್ತು ಊಟಕ್ಕೆ ಕೂತವನು ತಟ್ಟೆ ನೋಡದೆ ಮೇಲೆ ನೋಡಿದ.

"ಜಿರಲೆ ಇದೆಯಾ?" ಅಮ್ಮ ಕೇಳಿದಳು.

"ಜಾಗ ಇದೆ. ನೆಲ ತುಂಬಿದೆ ಅಂತ ಕಿತ್ತಾಡ್ತೀರ. ಅಲ್ಲಿ ನೋಡು, ಅಷ್ಟಗಲ ಛಾವಣಿ ಖಾಲಿ ಬಿದ್ದಿದೆ."

"ಊಟದ ಮೇಜಿನ ಮೇಲೆ ಸೈಕಲ್ ನೇತು ಹಾಕ್ತೀರಾ? ನಿಮಗೇನಾದ್ರೂ ತಲೆ ಗಿಲೆ ಕೆಟ್ಟಿದೆಯಾ?"

"ಮೂವತ್ತು ವರ್ಷ ಜನರನ್ನೇ ನೇತು ಹಾಕಿದೀನಿ ಕಣೇ. ಸೈಕಲ್ ಯಾವ ಲೆಕ್ಕ?"

ಮಾರನೆಯ ದಿನದಿಂದ ಮನೆಯಲ್ಲಿ ಡ್ರಿಲ್ಲಿನ ಸದ್ದು. ಅಪ್ಪನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು. ಛಾವಣಿಗೆ ಕೊಕ್ಕೆ, ಕೊಕ್ಕೆಗೆ ರಾಟೆ, ರಾಟೆಗೆ ಹಗ್ಗ. ಹಗ್ಗದ ಒಂದು ತುದಿಗೆ ಸೈಕಲ್ಲು, ಇನ್ನೊಂದು ತುದಿಗೆ ಬೀರುವಿನ ಪಕ್ಕದ ಸಂದಿಯಲ್ಲಿ ಮೇಲೆ ಕೆಳಗೆ ಓಡಾಡುವ, ಮರಳು ತುಂಬಿದ ಬಣ್ಣದ ಡಬ್ಬ. ಎರಡೂ ಕಡೆ ತೂಕ ಸಮವಾದರೆ ಒಂದೇ ಬೆರಳಿನಲ್ಲಿ ಎತ್ತಬಹುದು, ಲಿಫ್ಟಿಗೂ ಇದೇ ಗುಟ್ಟು ಎಂದು ಅವನು ಮನೆಯವರನ್ನೆಲ್ಲ ನಿಲ್ಲಿಸಿ ಪಾಠ ಮಾಡಿದ. ಅಮ್ಮ ಬೇಕಂತಲೇ ಅದೇ ಹೊತ್ತಿಗೆ ತಟ್ಟೆ ಬಡಿಸಿದಳು.

"ಬಿಡ್ತೀನಿ, ನೋಡ್ತಾ ಇರಿ," ಎಂದು ಅಪ್ಪ ಕೈ ಬಿಟ್ಟ.

ಸೈಕಲ್ಲು ಮೇಲೆ ಹೋಯಿತು ಎನ್ನುವುದಕ್ಕಿಂತ ಹಾರಿತು ಎನ್ನಬೇಕು. ಹ್ಯಾಂಡಲ್ಲು ಛಾವಣಿಗೆ ಗುದ್ದಿ, ಸುಣ್ಣದ ಗಾರೆ ಅಂಗೈಯಗಲ ಕಿತ್ತು ಬಂದು ಅನ್ನದ ಪಾತ್ರೆಗೇ ಬಿತ್ತು. ಮರಳಿನ ಡಬ್ಬ ದಢಾರನೆ ನೆಲಕ್ಕಿಳಿಯಿತು. ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಛಾವಣಿ ಕುಟ್ಟಿದರು.

"ಎಷ್ಟು ಮರಳು ತುಂಬಿದ್ದೆ ಅಪ್ಪಾ?"

"ಸೈಕಲ್ಲಿನ ತೂಕ. ಅದರ ಮೇಲೆ ಒಳಗೆ ಹತ್ತೋ ಜನರ ಭಾರದಲ್ಲಿ ಅರ್ಧ. ಲಿಫ್ಟಿಗೆ ಯಾವಾಗ್ಲೂ ಹಾಗೇನೇ ಅಲ್ವಾ..." ಎನ್ನುತ್ತ ಅಪ್ಪ ತನ್ನ ಮಾತನ್ನು ತಾನೇ ಕೇಳಿಸಿಕೊಂಡು ನಿಂತ.

"ಪ್ಯಾಸೆಂಜರ್ ಎಲ್ಲೋ ಇದಕ್ಕೆ?" ಅಜ್ಜಿ ಈಗ ಪೂರ್ತಿ ಎಚ್ಚರವಾಗಿದ್ದಳು. "ಅಲ್ಲಿ ಮೇಲೆ ಹೋಗೋಕೆ ಯಾರು ಹತ್ತಿದ್ರು, ನಿಮ್ಮಪ್ಪನಾ?"

ಮಗಳು ನಗಲು ಶುರು ಮಾಡಿದವಳು ನೆಲದ ಮೇಲೆ ಕೂತುಬಿಟ್ಟಳು. ಅಪ್ಪನೂ ನಕ್ಕ. ಅಮ್ಮ ಮಾತ್ರ ಅನ್ನದಲ್ಲಿ ಸುಣ್ಣ ಆರಿಸುತ್ತ "ಇದು ಮನೆಯಾ, ಏನಿದು?" ಎಂದು ಕೇಳುತ್ತಲೇ ಇದ್ದಳು. ಮರಳನ್ನು ಲೋಟದಲ್ಲಿ ತೆಗೆಯುತ್ತ, ಎತ್ತಿ ನೋಡುತ್ತ, ಮತ್ತೆ ತೆಗೆಯುತ್ತ ಅಪ್ಪ ಸಂಜೆಯ ಹೊತ್ತಿಗೆ ತೂಕ ಸರಿಮಾಡಿದ. ಆಮೇಲೆ ನಿಜಕ್ಕೂ ಒಂದು ಬೆರಳು ಸಾಕಾಗುತ್ತಿತ್ತು.

ಆದರೆ ನೇತಾಡುವ ಸೈಕಲ್ಲಿನಿಂದ ಮಣ್ಣು ಉದುರುತ್ತಿತ್ತು. ತಟ್ಟೆಯಲ್ಲಿ ಮಣ್ಣು ಬಿದ್ದ ದಿನ ಅಮ್ಮ ಇನ್ನೊಂದು ಜಗಳ ತೆಗೆಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಕೊರಳಿಗೆ ಟೇಪು ಹಾಕಿಕೊಂಡು ಸ್ಟೂಲು ಹತ್ತಿದಳು.

"ಏನ್ ಮಾಡ್ತಿದೀಯಮ್ಮ?"

"ಅಳತೆ ತಗೋತಿದೀನಿ. ಕೆಳಗೆ ಒಂದು ಚೀಲ ಹೊಲಿದು ಕಟ್ಟಿದ್ರೆ ಮಣ್ಣು ಅದರಲ್ಲೇ ಉಳಿಯುತ್ತೆ. ಇದರ ಸೊಂಟ ಎಲ್ಲಿದೆ ಹೇಳು. ಯಾವ ಕಡೆಯಿಂದ ನೋಡಿದ್ರೂ ಬರೀ ಮೊಣಕೈಯೇ ಕಾಣುತ್ತೆ."

ಚೀಲ ಸೊಗಸಾಗಿ ಕೂತಿತು. ಅಲ್ಲಿಂದಾಚೆಗೆ ಅಮ್ಮ ಸೈಕಲ್ಲನ್ನು ಬೈಯುತ್ತಲೇ ಅದರ ಮೇಲೆ ಒಂದು ಕಣ್ಣಿಟ್ಟಳು. ರಜೆಯ ದಿನ ಮಗಳು ಹಳೇ ಪೇಪರು ಹಾಸಿ, ಫೋನಿನಲ್ಲಿ ವಿಡಿಯೋ ಹಾಕಿಕೊಂಡು ರಿಪೇರಿಗೆ ಕೂತರೆ, ಅಮ್ಮ ಕಾಜಾ ಹೊಲಿಯುವ ನೆಪದಲ್ಲಿ ಹತ್ತಿರವೇ ಕೂರುತ್ತಿದ್ದಳು. ಚೈನನ್ನು ಅಡುಗೆಮನೆಯ ಬೋಗುಣಿಯಲ್ಲಿ ನೆನೆಹಾಕಿದ್ದಕ್ಕೆ ಒಂದು ಯುದ್ಧವಾಯಿತು, ನಿಜ. ಆ ಬೋಗುಣಿ ಅಡುಗೆಮನೆಗೆ ವಾಪಸು ಹೋಗಲಿಲ್ಲ. ಆದರೂ ಕುತೂಹಲ ಬಿಡಬೇಕಲ್ಲ.

ಒಮ್ಮೆ ಗೇರು ಕೂರುತ್ತಿರಲಿಲ್ಲ. ಮಗಳು ಪೆಡಲು ತಿರುಗಿಸಿದಂತೆಲ್ಲ ಚೈನು ಕಟಕಟ ಎನ್ನುತ್ತಿತ್ತು. ವಿಡಿಯೋದವನು ಹೇಳಿದ್ದನ್ನೆಲ್ಲ ಮಾಡಿಯಾಗಿತ್ತು.

"ಅದು ಎರಡು ಹಲ್ಲಿನ ಮಧ್ಯೆ ಒದ್ದಾಡ್ತಿದೆ," ಎಂದಳು ಅಮ್ಮ ಸೂಜಿಯಿಂದ ಕಣ್ಣೆತ್ತದೆ. "ಬಿಗಿ ಜಾಸ್ತಿಯಾಗಿದೆ. ನೀನು ಆ ತಿರುಪನ್ನ ಒಂದೇ ಸಲಕ್ಕೆ ಪೂರ್ತಿ ಸುತ್ತು ಸುತ್ತಿಸ್ತೀಯ. ಕಾಲು ಸುತ್ತು ತಿರುಗ್ಸು. ಕೇಳು. ಮತ್ತೆ ಕಾಲು ತಿರುಗ್ಸು."

"ನಿಂಗೆ ಹೇಗೆ ಗೊತ್ತು?"

"ಮಿಷನ್ನಲ್ಲಿ ದಾರದ ಬಿಗಿ ಇಡೋದೂ ಹಂಗೇ ಅಲ್ವಾ? ಸದ್ದು ಕೇಳಿದ್ರೆ ಗೊತ್ತಾಗುತ್ತೆ."

ಮಗಳು ತಿರುಗಿಸಿದಳು, ಕೇಳಿದಳು, ಮತ್ತೆ ತಿರುಗಿಸಿದಳು. ಕಟಕಟ ನಿಂತು ಚೈನು ನುಣ್ಣಗೆ ಓಡಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಹೊಗಳಿಬಿಟ್ಟರೆ ಎಲ್ಲಿ ಸೈಕಲ್ಲಿಗೆ ಖಾಯಂ ಜಾಗ ಕೊಟ್ಟಂತಾಗುತ್ತದೋ ಎಂದು ಅಮ್ಮ "ಕೈ ತೊಳ್ಕೊಂಡು ಊಟಕ್ಕೆ ಬಾ" ಎಂದಷ್ಟೇ ಹೇಳಿ ಎದ್ದಳು. ಆದರೆ ಒಳಗೊಳಗೇ ಹಿಗ್ಗಿದ್ದಳು.

ಹಿಗ್ಗಲು ಇನ್ನೊಂದು ಕಾರಣವೂ ಬಂತು. ಕನ್ನಡಕದಂಗಡಿಯ ಯಜಮಾನರು ಮಗಳ ಉಗುರಿನ ಕಪ್ಪು ನೋಡಿ ಏನು ಸಮಾಚಾರ ಎಂದು ಕೇಳಿದ್ದರಂತೆ. ಇವಳು ಗೇರು, ತಿರುಪು, ಕಾಲು ಸುತ್ತು ಎಂದು ಉದ್ದಕ್ಕೆ ಹೇಳಿದಳಂತೆ. ಒಳಗಿನ ಮೇಜಿನಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು ಕೆಲಸ ಬಿಡುತ್ತಿದ್ದಾರೆ, ನೀನೇ ಆ ಮೇಜಿಗೆ ಬಾ ಎಂದರಂತೆ ಅವರು.

"ಇಷ್ಟು ದಿನ ಬರೀ ಬಾಯಿ ಕೆಲಸ," ಎಂದಳು ಮಗಳು ಊಟಕ್ಕೆ ಕೂತು. ಅವಳ ಮುಖ ಹೊಳೆಯುತ್ತಿತ್ತು. "ಇನ್ಮೇಲೆ ಕೈ ಕೆಲಸ. ಸ್ವಲ್ಪ ಹೆಚ್ಚುಕಡಿಮೆ ಉಜ್ಜಿದ್ರೂ ಗಾಜು ದಂಡ. ನನ್ನ ಕೈ ಚೆನ್ನಾಗಿದೆ ಅಂದ್ರು ಅಮ್ಮಾ."

"ಯಾರ ಮಗಳು?" ಎಂದ ಅಪ್ಪ, ತನ್ನ ಎದೆ ಮುಟ್ಟಿಕೊಂಡು.

"ಗಾರೆ ಬೀಳಿಸಿದವರ ಮಗಳಂತೂ ಅಲ್ಲ," ಎಂದಳು ಅಮ್ಮ.

ಆ ವಾರ ಸೈಕಲ್ಲಿಗೆ ಹೊಸ ರೋಗ ಹತ್ತಿತು. ಬ್ರೇಕು ಒತ್ತಿದರೆ ಕಿರುಚುತ್ತಿತ್ತು. ಎಂಥ ಕಿರುಚು ಎಂದರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಎರಡು ಚಕ್ರಕ್ಕೂ ಊಟದ ತಟ್ಟೆಗಿಂತ ಚಿಕ್ಕದಾದ ಒಂದೊಂದು ಉಕ್ಕಿನ ಬಿಲ್ಲೆ, ಮಗಳ ಬಾಯಲ್ಲಿ ಡಿಸ್ಕು, ಬ್ರೇಕು ಒತ್ತಿದಾಗ ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳು. ಶನಿವಾರ ಮಗಳು ಪ್ಯಾಡು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಕೂರಿಸಿದಳು. ಚೈನಿಗೆ ಎಣ್ಣೆ ಬಿಟ್ಟಳು. ಕಿರುಚು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. "ಇರ್ಲಿ, ಓಡಿಸ್ತಾ ಸರಿ ಹೋಗುತ್ತೆ," ಎಂದು ಸ್ನಾನಕ್ಕೆ ಹೋದಳು.

ಅಮ್ಮನಿಗೆ ಸಮಾಧಾನವಾಗಲಿಲ್ಲ. ಕಿರುಗುಟ್ಟುವ ಯಾವುದಕ್ಕೂ ಅವಳ ಹತ್ತಿರ ಇದ್ದದ್ದು ಒಂದೇ ಔಷಧಿ. ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಎಣ್ಣೆಯ ಕುಪ್ಪಿ ತೆಗೆದಳು. ಸೈಕಲ್ಲನ್ನು ಒಂದು ಬೆರಳಿನಲ್ಲಿ ಇಳಿಸಿದಳು. ಮುಂದಿನ ಬಿಲ್ಲೆಗೆ ಎರಡು ಹನಿ, ಹಿಂದಿನದಕ್ಕೆ ಎರಡು. ಎಲ್ಲ ಕಡೆ ಹರಡಲೆಂದು ಚಕ್ರ ತಿರುಗಿಸಿ, ಬ್ರೇಕು ಒತ್ತಿ, ಮತ್ತೆ ತಿರುಗಿಸಿದಳು. ಸದ್ದೇ ಇಲ್ಲ. ಮೇಲೇರಿಸಿ, ಬೆಳಿಗ್ಗೆ ಮಗಳು ಎಷ್ಟು ಬೆರಗಾಗುತ್ತಾಳೋ ಎಂದುಕೊಂಡು ಖುಷಿಯಿಂದ ಅಡುಗೆಗೆ ಹೋದಳು. ಬ್ರೇಕು ಹಿಡಿಯುವುದೇ ಉಜ್ಜಾಟದಿಂದ, ಎಣ್ಣೆ ಕುಡಿದ ಪ್ಯಾಡು ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳ ಮಿಷನ್ನಿನಲ್ಲಿ ಎಣ್ಣೆಯಿಂದ ಕೆಟ್ಟದ್ದು ಯಾವತ್ತೂ ಆಗಿರಲಿಲ್ಲ.

ಬೆಳಿಗ್ಗೆ ಮಗಳು ಗುಡ್ಡದವರೆಗೂ ಹೋಗಲಿಲ್ಲ. ಮನೆ ಮುಂದಿನ ಬೀದಿಯೇ ಇಳಿಜಾರು. ತಿರುವಿನಲ್ಲಿ ಎರಡು ಬ್ರೇಕೂ ಒತ್ತಿದಳು, ಏನೂ ಆಗಲಿಲ್ಲ. ಎದುರಿಗೆ ಯಾರೋ ಮನೆ ಕಟ್ಟಿಸಲು ಸುರಿದಿದ್ದ ಮರಳಿನ ರಾಶಿ ಇತ್ತು, ಅದಕ್ಕೇ ನುಗ್ಗಿ ಬಿದ್ದಳು. ಅದು ಇಲ್ಲದಿದ್ದರೆ ಆಚೆ ದೊಡ್ಡ ರಸ್ತೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು, ಪ್ಲಾಸ್ಟರು ಹಾಕಿಸಿಕೊಂಡು ಅಪ್ಪನ ಜೊತೆ ಮನೆಗೆ ಬಂದಳು.

ಅಮ್ಮ ಟೀ ಲೋಟವನ್ನು ಅವಳ ಬಾಯಿಗೇ ಹಿಡಿದಳು.

"ಡಿಸ್ಕಿಗೆ ಎಣ್ಣೆ ಹೋಗಿತ್ತು," ಎಂದಳು ಮಗಳು. "ಚೈನಿಗೆ ಹಾಕುವಾಗ ನಾನೇ ಚೆಲ್ಲಿರ್ಬೇಕು. ಗೊತ್ತೇ ಆಗಿಲ್ಲ ನಂಗೆ."

"ಅಲ್ಲಿಗೆ... ಎಣ್ಣೆ ಹೋಗಬಾರ್ದಾ?"

"ಅಮ್ಮಾ! ಬ್ರೇಕಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?"

ಅಮ್ಮ ಆಗಲೇ ಹೇಳಬೇಕಿತ್ತು. ಬಾಯಿ ತೆರೆದಳು, ಪ್ಲಾಸ್ಟರು ಕಂಡಿತು, ಮರಳಿನ ರಾಶಿಯ ಆಚೆಯ ದೊಡ್ಡ ರಸ್ತೆ ಕಣ್ಣ ಮುಂದೆ ಬಂತು. "ಬಿಸಿ ಇದೆ, ಊದಿಕೊಂಡು ಕುಡಿ," ಎಂದುಬಿಟ್ಟಳು. ಒಂದು ಸಲ ನುಂಗಿದ ಮಾತು ಆಮೇಲೆ ಹೊರಗೆ ಬರುವುದು ಸುಲಭವಲ್ಲ.

ಕೈ ಗುಣವಾದರೂ ಇನ್ನು ಸೈಕಲ್ಲು ಬೇಡ, ಮಾರಿಬಿಡಿ ಎಂದು ಮಗಳೇ ಹೇಳಿದಳು. ಅಮ್ಮ ಇಷ್ಟು ದಿನ ಕೇಳಿದ್ದೂ ಅದನ್ನೇ. ಕೋಣೆ ಖಾಲಿಯಾಗುತ್ತದೆ, ಮಗಳು ಇನ್ನು ಬೀಳುವುದಿಲ್ಲ. ಇದಕ್ಕಿಂತ ಒಳ್ಳೆಯದೇನಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಊಟ ಮಾತ್ರ ಸೇರುತ್ತಿರಲಿಲ್ಲ.

ಅಪ್ಪನ ತಲೆಯಲ್ಲಿ ಬೇರೆಯೇ ಹುಳು ಕೊರೆಯುತ್ತಿತ್ತು. ಲಿಫ್ಟು ಯಾಕೆ ನಿಂತಿತು ಎಂದು ತಿಳಿಯುವವರೆಗೂ ಮನೆಗೆ ಹೋಗದೆ ಕೂರುತ್ತಿದ್ದವನು ಅವನು. ಸೈಕಲ್ಲನ್ನು ಇಳಿಸಿಕೊಂಡು ಸುತ್ತ ಸುತ್ತ ನೋಡಿದ.

"ಅಲ್ಲಾ, ಚೈನ್ ಇರೋದು ಬಲಗಡೆ. ಡಿಸ್ಕು ಎಡಗಡೆ. ಎಣ್ಣೆ ನಡ್ಕೊಂಡು ಹೋಯ್ತಾ? ಸರಿ, ಹಿಂದಿನ ಚಕ್ರಕ್ಕೆ ಹೋಯ್ತು ಅನ್ನೋಣ. ಮುಂದಿನ ಚಕ್ರಕ್ಕೆ ಹೇಗೆ ಹೋಯ್ತು?"

"ಕೈಗೆ ಅಂಟಿದ್ದು ತಾಗಿರುತ್ತೆ, ಬಿಡಪ್ಪಾ," ಎಂದಳು ಮಗಳು.

ಅಪ್ಪ ಬಿಡಲಿಲ್ಲ. ಅಮ್ಮನ ಬಿಳಿ ಬಟ್ಟೆಯ ಚೂರೊಂದನ್ನು ತೆಗೆದು ಪ್ಯಾಡನ್ನು ಒರೆಸಿ ಬೆಳಕಿಗೆ ಹಿಡಿದ. ಮಗಳ ಚೈನೆಣ್ಣೆ ಹಸಿರು. ಇದರಲ್ಲಿ ಹಸಿರೇ ಇಲ್ಲ, ನೀರಿನಂತೆ ತಿಳಿ. ಆಗ ಹೊಲಿಗೆ ಮಿಷನ್ನು ಇದ್ದಕ್ಕಿದ್ದಂತೆ ಬಹಳ ಜೋರಾಗಿ ಓಡತೊಡಗಿತು. ಅಪ್ಪ ಆ ಕಡೆ ನೋಡಿದ. ಬಟ್ಟೆಯ ಚೂರನ್ನು ಮಡಚಿ ಜೇಬಿಗಿಟ್ಟುಕೊಂಡು, "ಟೀ ಇದೆಯಾ?" ಎಂದಷ್ಟೇ ಕೇಳಿದ. ಹೆಂಡತಿಯ ಬಾಯಿಯನ್ನು ಬಲವಂತವಾಗಿ ತೆರೆಸುವ ಉಪಕರಣ ಅವನ ಪೆಟ್ಟಿಗೆಯಲ್ಲಿರಲಿಲ್ಲ.

ಅಜ್ಜಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಡುಗೆಮನೆಗೆ ಬಂದು ಸೊಸೆಯ ಪಕ್ಕ ಕೂತು ಬಟಾಣಿ ಬಿಡಿಸತೊಡಗಿದಳು.

"ಆ ಶನಿವಾರ ಸಾಯಂಕಾಲ ನಾನು ತೂಕಡಿಸ್ತಾ ಇದ್ದೆ. ಏನೂ ನೋಡಿಲ್ಲ. ಎಣ್ಣೆ ಕುಪ್ಪೀನೂ ನೋಡಿಲ್ಲ."

"ಅತ್ತೇ!"

"ನೋಡಿಲ್ಲ ಅಂದ್ನಲ್ಲ."

ಅಮ್ಮನ ಕಣ್ಣಲ್ಲಿ ನೀರು ಬಂತು. "ಹೇಳಿದ್ರೆ ಅವಳು ನನ್ನ ಮುಖ ನೋಡ್ತಾಳಾ ಅತ್ತೆ?"

"ನಾಲ್ಕು ದಿನ ನೋಡಲ್ಲ. ನಿನ್ನ ಮುಖ ನೋಡದೆ ಇದ್ರೆ ಅವಳಿಗೇನೂ ನಷ್ಟ ಇಲ್ಲಮ್ಮ. ಈಗ ದಿನಾ ಕೂತು ತನ್ನ ಕೈ ನೋಡ್ಕೊಳ್ತಿದಾಳಲ್ಲ, ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಅವತ್ತೇ ಊಟದ ಹೊತ್ತಿಗೆ ಮಗಳು ಇನ್ನೊಂದು ಸುದ್ದಿ ಹೇಳಿದಳು. ಗಾಜಿನ ಮೇಜು ಬೇಡ, ಕೌಂಟರಿನಲ್ಲೇ ಇರುತ್ತೇನೆ ಎಂದು ಯಜಮಾನರಿಗೆ ಹೇಳಿ ಬಂದಿದ್ದಳು.

"ಯಾಕೆ?" ಅಪ್ಪ ಕೇಳಿದ.

"ಎಣ್ಣೆ ಎಲ್ಲಿ ಬಿತ್ತು ಅಂತಾನೇ ಗೊತ್ತಾಗದ ಕೈ ಅಪ್ಪಾ ಇದು. ಬೇರೆಯವರ ಕಣ್ಣಿನ ಗಾಜು ಹೇಗೆ ಕೊಡ್ತಾರೆ? ನಾನೇ ಅವರ ಜಾಗದಲ್ಲಿದ್ರೆ ಕೊಡ್ತಿರ್ಲಿಲ್ಲ."

"ಅಲ್ಲಾ..." ಅಮ್ಮ ಶುರು ಮಾಡಿದಳು. ಮೂರೂ ಜನ ಅವಳ ಕಡೆ ತಿರುಗಿದರು. "ಅಲ್ಲಾ, ಇನ್ನೊಂಚೂರು ಅನ್ನ ಹಾಕ್ಲಾ?"

ಅಜ್ಜಿ ತಟ್ಟೆಯನ್ನು ಟಕ್ಕನೆ ಕೆಳಗಿಟ್ಟು ಎದ್ದು ಹೋದಳು.

ರಜೆಯ ದಿನ ಸೈಕಲ್ಲು ನೋಡಲು ಗಿರಾಕಿ ಬಂದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ, ಮುಟ್ಟಿ ನೋಡುವುದು ಜಾಸ್ತಿ. ಛಾವಣಿಯಿಂದ ಸೈಕಲ್ಲು ಇಳಿದು ಬಂದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದ. ಟೈರು ಒತ್ತಿದ, ಗೇರು ಹಾಕಿದ. "ಗೇರು ಬೆಣ್ಣೆ ಹಾಗಿದೆ," ಎಂದ. ಬ್ರೇಕು ಒತ್ತಿಕೊಂಡೇ ಸೈಕಲ್ಲನ್ನು ಮುಂದಕ್ಕೆ ನೂಕಿದ. ಅದು ಸರಾಗವಾಗಿ ಬಾಗಿಲವರೆಗೂ ಹೋಯಿತು.

"ಇದೇನು, ಹಿಡೀತಾನೇ ಇಲ್ಲ. ಬ್ರೇಕ್ ರಿಪೇರಿ ಮಾಡಿದ್ದು ಯಾರು?"

"ನಾನೇ," ಎಂದಳು ಮಗಳು ನೆಲ ನೋಡುತ್ತ. "ನಂಗೆ ಇದೆಲ್ಲ ಸರಿಯಾಗಿ ಬರಲ್ಲ."

ಮಿಷನ್ನಿನ ಸದ್ದು ನಿಂತಿತು.

"ಬರುತ್ತೆ ಅವಳಿಗೆ," ಎಂದಳು ಅಮ್ಮ. ದನಿ ಬೇಕಾದದ್ದಕ್ಕಿಂತ ಜೋರಾಗಿ ಬಂತು. "ಅವಳು ಸರಿಯಾಗೇ ಮಾಡಿದ್ಳು. ಕೆಡಿಸಿದ್ದು ನಾನು. ಎಣ್ಣೆ ಬಿಟ್ಟಿದ್ದು ನಾನು."

ಗಿರಾಕಿ ಹ್ಯಾಂಡಲ್ಲು ಬಿಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ನಿಂತ. ಮಗಳು ನಿಧಾನವಾಗಿ ತಿರುಗಿದಳು.

"ಯಾವಾಗ?"

"ಶನಿವಾರ. ನೀನು ಸ್ನಾನಕ್ಕೆ ಹೋಗಿದ್ದೆ. ಕಿರುಚ್ತಾ ಇತ್ತಲ್ಲ ಅಂತ..."

"ಮುಂದಿಂದಕ್ಕೂ ಹಾಕ್ದ್ಯಾ?"

"ಎರಡಕ್ಕೂ. ಒಂದೊಂದಕ್ಕೆ ಎರಡೆರಡು ಹನಿ. ಮಿಷನ್ನಿಗೆ ಹಾಕೋ ಎಣ್ಣೆ."

ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಜೇಬಿನಿಂದ ಬಟ್ಟೆಯ ಚೂರು ತೆಗೆದು ಮೇಜಿನ ಮೇಲಿಟ್ಟ. ಅಜ್ಜಿ ಗಿರಾಕಿಗೆ "ಇದು ಮಾರಾಟಕ್ಕಿಲ್ಲಪ್ಪಾ, ನೀನು ಹೋಗಿ ಬಾ" ಎಂದು ಬಾಗಿಲು ತೋರಿಸಿದಳು. ಅವನು ಬದುಕಿದೆ ಎಂಬಂತೆ ಮೆಟ್ಟಿಲಿಳಿದ.

"ಬ್ರೇಕಿಗೆ ಎಣ್ಣೆ ಹಾಕಬಾರ್ದು ಅಂತ ಅವತ್ತೇ ಗೊತ್ತಾಯ್ತಲ್ಲ ನಿಂಗೆ?" ಎಂದಳು ಮಗಳು. "ಟೀ ಕುಡಿಸ್ತಾ ಇದ್ದೆ. ಯಾಕೆ ಹೇಳ್ಲಿಲ್ಲ?"

"ಮೊದಲು ಹೆದರಿಕೆ. ನಿನ್ನ ಕೊಲ್ತಿದ್ದೆನಲ್ಲ ಅಂತ." ಅಮ್ಮ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆಮೇಲೆ ಆಸೆ. ಸೈಕಲ್ ಹೋದ್ರೆ ಹೋಗ್ಲಿ, ನನ್ನ ಕೋಣೆ ನನಗೆ ಸಿಗುತ್ತೆ ಅನ್ನಿಸ್ತು."

"ನಾನು ಆ ಮೇಜು ಬೇಡ ಅಂದೆ. ನೀನು ಇಲ್ಲೇ ಕೂತು ಕೇಳಿಸ್ಕೊಂಡೆ. ಅನ್ನ ಹಾಕ್ಲಾ ಅಂದೆ!"

"ಹೌದು."

ಮಗಳು ಅತ್ತಳು. ಕೋಪದಿಂದ ಅತ್ತಳು, ಜೊತೆಗೆ ಎದೆಯ ಮೇಲಿನ ಭಾರ ಇಳಿದದ್ದಕ್ಕೂ ಅತ್ತಳು. ಪ್ಲಾಸ್ಟರಿನಿಂದ ಹೊರಗಿದ್ದ ಎಡಗೈಯ ಬೆರಳುಗಳನ್ನೂ ಬಲಗೈಯನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ, "ಇದರದ್ದೇನೂ ತಪ್ಪಿರ್ಲಿಲ್ಲ," ಎಂದಳು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ ಅಂಗಡಿಯ ಯಜಮಾನರಿಗೆ ಫೋನು ಮಾಡಿದಳು. ಕೈ ಗುಣವಾದ ಮೇಲೆ ಬಂದು ಒಂದು ಗಾಜು ಉಜ್ಜಿ ತೋರಿಸು, ಆಮೇಲೆ ನೋಡೋಣ ಎಂದರು ಅವರು. ಅಷ್ಟೇ ಸಿಕ್ಕಿದ್ದು.

ಅಮ್ಮ ಮಿಷನ್ನಿನ ಮುಂದೆಯೇ ಕೂತಿದ್ದಳು. ಹೊಲಿಯಲೂ ಇಲ್ಲ, ಏಳಲೂ ಇಲ್ಲ. ಮಗಳು ಹಳೇ ಪೇಪರು ಹಾಸಿದಳು, ಸೈಕಲ್ಲನ್ನು ಹೇಗೋ ತಲೆಕೆಳಗು ನಿಲ್ಲಿಸಿದಳು. ಪ್ಯಾಡು ಬಿಸಾಡಬೇಕು, ಬಿಲ್ಲೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆಯಬೇಕು. ಒಂದೇ ಕೈಯಲ್ಲಿ ತಿರುಪು ಬಿಚ್ಚಲು ಹೋದರೆ ಚಕ್ರ ತಿರುಗುತ್ತದೆ, ಚಕ್ರ ಹಿಡಿದರೆ ತಿರುಪಿಗೆ ಕೈ ಇಲ್ಲ. ಅಪ್ಪ ಏಳಲು ಹೋದ. ಅಜ್ಜಿ ಅವನ ತೋಳು ಹಿಡಿದು ಕೂರಿಸಿದಳು.

"ನಿನ್ನ ಜೊತೆ ನಾನು ಮಾತಾಡಲ್ಲ," ಎಂದಳು ಮಗಳು, ಚಕ್ರದಿಂದ ಕಣ್ಣೆತ್ತದೆ. ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. "ಎಷ್ಟು ದಿನ ಅಂತ ಗೊತ್ತಿಲ್ಲ."

"ಸರಿ," ಎಂದಳು ಅಮ್ಮ.

"ಬಂದು ಈ ಚಕ್ರ ಹಿಡ್ಕೋ. ನಂಗೆ ಈಗ ಇರೋದು ಒಂದೇ ಕೈ."

ಅಮ್ಮ ಎದ್ದು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ಬೆರಳಿಗೆ ಬೆರಳು ಉಜ್ಜಿ ನೋಡಿದಳು, ಇನ್ನೂ ಜಾರುತ್ತದೆ ಅನ್ನಿಸಿ ಮತ್ತೊಮ್ಮೆ ತೊಳೆದಳು. ಬಂದು ಮಗಳ ಎದುರು ಕೂತು, ಚಕ್ರವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.